ಲಹೈನಾದ ಆ ಬೆಂಚು

8 ಆಗಸ್ಟ್ 2025, ಶುಕ್ರವಾರ
ಮಂಗಳೂರು

ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಯಾವ ಕೆಲಸಕ್ಕೂ ಮನಸ್ಸು ಬರಲಿಲ್ಲ. ಲಹೈನಾ ಸುಟ್ಟು ಇವತ್ತಿಗೆ ಎರಡು ವರ್ಷ.

ಹವಾಯಿಯ ಮಾವಿ ದ್ವೀಪದ ಊರು ಅದು. 2017ರಲ್ಲಿ ತಮ್ಮ ಹೊನೊಲುಲುವಿನಲ್ಲಿ ಕೆಲಸಕ್ಕಿದ್ದಾಗ ನಾನೂ ಅಮ್ಮನೂ ಹೋಗಿದ್ದೆವು, ಒಂದು ಭಾನುವಾರ ಲಹೈನಾದಲ್ಲಿ ಕಳೆಯಿತು. ಆರಾಧನೆ ತಪ್ಪಿದರೆ ಅಮ್ಮನಿಗೆ ಆ ದಿನ ಊಟ ಸೇರುವುದಿಲ್ಲ. ಹಾಗಾಗಿ ವೈಯೋಲಾ ಚರ್ಚಿಗೆ ಹೋದೆವು.

ಚಿಕ್ಕ ಸಭೆ. ನಮ್ಮ ಬೆಂಚಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಅಮ್ಮನ ಕೈಗೆ ಗೀತ ಪುಸ್ತಕ ಕೊಟ್ಟು, ಹವಾಯಿ ಭಾಷೆಯ ಸಾಲಿನ ಕೆಳಗೆ ಬೆರಳಿಟ್ಟು, ಪದ ಪದವಾಗಿ ಸರಿಸುತ್ತಾ ಹೋದರು. ಪುಸ್ತಕದ ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿತ್ತು, ಪುಟದ ಮೂಲೆಗಳು ಬೆರಳು ತಾಗಿ ತಾಗಿ ಕಂದಾಗಿದ್ದವು. ಪದ ಒಂದೂ ಅರ್ಥವಾಗಲಿಲ್ಲ, ಆದರೆ ರಾಗ ನಮ್ಮ ಸಭೆಯಲ್ಲಿ ಹಾಡುವುದೇ. ಅಮ್ಮ ಮೆಲ್ಲಗೆ ಕನ್ನಡದಲ್ಲಿ ಹಾಡಿದರು, ಅಜ್ಜಿ ಅವರ ಭಾಷೆಯಲ್ಲಿ. ಇಬ್ಬರೂ ಕೊನೆಯವರೆಗೆ ನಿಲ್ಲಿಸಲಿಲ್ಲ.

2023ರ ಆಗಸ್ಟ್ 8ರಂದು ಆ ಚರ್ಚ್ ಸುಟ್ಟುಹೋಯಿತು. ಪಕ್ಕದ ಸಭಾಭವನವೂ ಹೋಯಿತು. ದಕ್ಷಿಣಕ್ಕೆ ಸಮುದ್ರದ ಮೇಲೆ ಡೋರಾ ಚಂಡಮಾರುತ ಹಾದುಹೋಗುತ್ತಿತ್ತು, ದ್ವೀಪದಲ್ಲಿ ಹುಚ್ಚು ಗಾಳಿ. ಕಬ್ಬು ಬೆಳೆಯುತ್ತಿದ್ದ ಜಮೀನು ಪಾಳು ಬಿದ್ದು ಎಲ್ಲೆಲ್ಲೂ ಒಣ ಹುಲ್ಲು. ಕಡಿದು ಬಿದ್ದ ಕರೆಂಟಿನ ತಂತಿಯಿಂದ ಬೆಳಿಗ್ಗೆ ಹತ್ತಿಕೊಂಡಿದ್ದ ಬೆಂಕಿ ಆರಿತು ಅಂದುಕೊಂಡಿದ್ದರು, ಮಧ್ಯಾಹ್ನ ಮತ್ತೆ ಎದ್ದಿತು. 102 ಜನ ಸತ್ತರು, 2,200ಕ್ಕೂ ಜಾಸ್ತಿ ಕಟ್ಟಡ ನಾಶವಾದವು. ಅದೇ ವರ್ಷ ಮೇ ತಿಂಗಳಲ್ಲಷ್ಟೇ ಆ ಸಭೆಯವರು 200 ವರ್ಷ ತುಂಬಿದ ಹಬ್ಬ ಮಾಡಿದ್ದರು. ಮೂರು ತಿಂಗಳಿಗೆ ಹೀಗಾಯಿತು.

1823ರಲ್ಲಿ ಹವಾಯಿಯ ರಾಣಿ ಕೆಓಪುಓಲಾನಿ ಮುಂದೆ ನಿಂತಿದ್ದರಿಂದ ಶುರುವಾದ ಸಭೆ ಅದು. ಆ ರಾಣಿಯ ಸಮಾಧಿ ಚರ್ಚಿನ ಪಕ್ಕದ ಅಂಗಳದಲ್ಲೇ ಇದೆ, ನಾವು ನೋಡಿದ್ದೆವು. ಆ ಜಾಗದಲ್ಲಿ ಸಭೆಯವರು ಚರ್ಚ್ ಕಳಕೊಂಡಿದ್ದು ಇದೇ ಮೊದಲಲ್ಲ. 1858ರಲ್ಲಿ ಸುಂಟರಗಾಳಿ ಮಾಡು ಕಿತ್ತುಕೊಂಡು ಹೋಯಿತು. 1894ರಲ್ಲಿ ಬೆಂಕಿ. 1947ರಲ್ಲಿ ಮತ್ತೆ ಬೆಂಕಿ. ಪುನಃ ಕಟ್ಟಿದರು, 1951ರಲ್ಲಿ ಬೆಟ್ಟದ ಕಡೆಯಿಂದ ಬಂದ ಗಾಳಿ ಅದನ್ನೂ ಕೆಡವಿತು. ಆಮೇಲೆ 1953ರಲ್ಲಿ ಕಟ್ಟಿದಾಗಲೇ ಹಳೆಯ ವೈನೆಎ ಹೆಸರು ಬಿಟ್ಟು ವೈಯೋಲಾ ಅಂತ ಇಟ್ಟಿದ್ದು. ಜೀವಜಲ ಅಂತ ಅರ್ಥ. ನಾವು ಕೂತಿದ್ದು ಆ ಕಟ್ಟಡದಲ್ಲಿ.

ನಮಗೂ ಅವರಿಗೂ ದೂರದ ನಂಟು ಇದ್ದ ಹಾಗೆ ನನಗೆ ಯಾವಾಗಲೂ ಅನಿಸುತ್ತದೆ. ಲಹೈನಾದ ಮಿಷನ್ ಶಾಲೆಯ ಅಚ್ಚುಕೂಟದಲ್ಲಿ 1834ರಲ್ಲಿ ಹವಾಯಿ ಭಾಷೆಯ ಮೊದಲ ಪತ್ರಿಕೆ ಬಂತು. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿಳಿದದ್ದೂ 1834ರಲ್ಲೇ. ಒಂಬತ್ತು ವರ್ಷಕ್ಕೆ ಇಲ್ಲಿ ಆ ಮಿಷನ್‌ನ ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಬಂತು. ಅಲ್ಲೂ ಇಲ್ಲೂ ಒಂದೇ ಥರ ಅಕ್ಷರ ಜೋಡಿಸುತ್ತಾ, ಹಾಡು ತರ್ಜುಮೆ ಮಾಡುತ್ತಾ ಕೂತಿದ್ದರು. ಆ ಬೆಂಚಿನಲ್ಲಿ ಎರಡು ಭಾಷೆ ಒಂದು ರಾಗಕ್ಕೆ ಕೂತದ್ದು ಸುಮ್ನೆ ಅಲ್ಲ.

ಬೆಂಕಿಯ ಸುದ್ದಿ ಬಂದ ವಾರ ಪರಿಚಯದವರೊಬ್ಬರು, "ಕಟ್ಟಡ ಹೋದರೇನು, ಸಭೆ ಅಂದರೆ ಜನ ಅಲ್ವಾ" ಅಂದಿದ್ದರು. ಮಾತು ಸರಿಯೇ. ಆದರೂ ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಮದುವೆಯಾದ ಮೆಟ್ಟಿಲು, ಮಗುವಿಗೆ ದೀಕ್ಷಾಸ್ನಾನ ಆದ ಜಾಗ, ಅಪ್ಪನ ಪೆಟ್ಟಿಗೆ ಇಟ್ಟು ಪ್ರಾರ್ಥನೆ ಮಾಡಿದ ಜಾಗ, ಇದೆಲ್ಲ ಬೂದಿಯಾದವರ ಎದುರು ನಿಂತು ಹಾಗೆ ಹೇಳಬಾರದು. ಅವರಾಗಿ ಹೇಳಿಕೊಂಡರೆ ಅದು ಬೇರೆ. ಅದೂ ಅವರಲ್ಲಿ ಎಷ್ಟೋ ಜನ ಅದೇ ದಿನ ಮನೆಯನ್ನೂ ಕಳಕೊಂಡವರು, ಚರ್ಚಿಗಾಗಿ ಅಳುವುದಕ್ಕೆ ಪುರುಸೊತ್ತೇ ಇಲ್ಲದವರು. ಹಾಗಿದ್ದೂ ಬೇರೆ ಕಡೆ ಜಾಗ ನೋಡಿಕೊಂಡು ಭಾನುವಾರ ಸೇರಿದರು, ಸೇರುವುದನ್ನು ಬಿಡಲಿಲ್ಲ. ಎರವಲು ಕುರ್ಚಿಯಲ್ಲಿ ಕೂತು ಹಾಡುವಾಗ ಕಣ್ಣು ತಾನಾಗಿ ಹಳೆಯ ಜಾಗ ಹುಡುಕುತ್ತದೆ. ನಮ್ಮ ಚರ್ಚಿನ ರಿಪೇರಿ ಆದಾಗ ಬರೀ ಎರಡು ತಿಂಗಳು ಹಾಲ್‌ನಲ್ಲಿ ಕೂತಿದ್ದಕ್ಕೇ ನನಗೆ ಅಷ್ಟು ಕಷ್ಟವಾಗಿತ್ತು.

ಆ ಭಾನುವಾರ ತೆಗೆದ ಫೋಟೋ ಸಿಕ್ಕಿತು. ಅಜ್ಜಿಯ ಮುಖ ಬಂದಿಲ್ಲ, ಪುಸ್ತಕ, ಬೆರಳು ಮತ್ತು ಬೆಂಚಿನ ಒಂದು ತುದಿ ಮಾತ್ರ. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಅವರ ದೀಕ್ಷಾಸ್ನಾನದ ರಿಜಿಸ್ಟರ್ ಎಲ್ಲಿತ್ತೋ ಮಗಾ" ಅಂದರು. ಮೂವತ್ತು ವರ್ಷ ಸಭೆಯ ಲೆಕ್ಕಪತ್ರ ನೋಡಿಕೊಂಡವರಿಗೆ ಮೊದಲು ಬಂದ ಚಿಂತೆ ಅದು.

ರಾತ್ರಿ ಮನೆ ಪ್ರಾರ್ಥನೆಯಲ್ಲಿ ನಮ್ಮ ಬೀದಿಯ ಕಾಯಿಲೆಯವರ ಹೆಸರು ಹೇಳಿ, ಕರೆಂಟ್ ಕಂಬ ಹತ್ತುವ ಲೈನ್‌ಮ್ಯಾನ್‌ಗಳ ಹೆಸರೂ ಸೇರಿಸಿ, ಕೊನೆಗೆ ಅಮ್ಮ "ಲಾಯನದ ಸಭೆ" ಅಂದರು. ನಾನು ತಿದ್ದಲಿಲ್ಲ. ಆಮೇಲೆ ಅದೇ ಹಾಡು ಎತ್ತಿದರು.