ಕ್ಯಾರಲ್ ಅಂದುಬಿಟ್ರೆ ಮುಗೀತಾ?

ಡಿಸೆಂಬರ್ ಬಂತು ಅಂದ್ರೆ ಬೇರೆ ಬೇರೆ ಭಾಷೆಯ ಕ್ರಿಸ್‌ಮಸ್ ಹಾಡುಗಳನ್ನ ಹುಡುಕಿ ಕೇಳೋದು ನಂಗೆ ಎಷ್ಟೋ ವರ್ಷದಿಂದ ಅಭ್ಯಾಸ, ಪಕ್ಕದಲ್ಲಿ ಡಿಕ್ಷನರಿನೂ ತೆರೆದಿಟ್ಕೊಂಡಿರ್ತೀನಿ. ಆದ್ರೆ ಡಿಕ್ಷನರಿ ಪ್ರತೀ ಸಲ ಒಂದೇ ಮಾತು ಹೇಳುತ್ತೆ, ಕ್ಯಾರಲ್, ಅಂದ್ರೆ ಕ್ರಿಸ್‌ಮಸ್ ಹಾಡಿಗಿರೋ ಇಂಗ್ಲಿಷ್ ಪದ. ಪೋಲಿಷ್‌ನ ಕೊಲೆಂಡಾ ಅಂದ್ರೆ ಕ್ಯಾರಲ್, ಸ್ಪ್ಯಾನಿಷ್‌ನ ವಿಯನ್ಸಿಕೊ ಅಂದ್ರೂ ಕ್ಯಾರಲ್, ಫ್ರೆಂಚ್‌ನ ನೊಯೆಲ್, ಅದೂ ಕ್ಯಾರಲ್ಲೇ. ತಪ್ಪಲ್ಲ ನಿಜ, ಆದ್ರೆ ಹಾಗೆ ಅಂದ ತಕ್ಷಣ ಆ ಹೆಸರು ಹುಟ್ಟಿದ ಕಥೆನೇ ಕಳೆದುಹೋಗುತ್ತೆ, ನಂಗೆ ಅದು ನಿಜವಾಗ್ಲೂ ಬೇಜಾರು. ಯಾಕಂದ್ರೆ ಈ ಹೆಸರುಗಳಲ್ಲಿ ಎಷ್ಟೋ ಹಬ್ಬದಿಂದ ಬಂದಿದ್ದೇ ಅಲ್ಲ, ಜನ ಹಾಡುವಾಗ ಏನ್ ಮಾಡ್ತಿದ್ರೋ, ಯಾರು ಹಾಡ್ತಿದ್ರೋ, ಏನ್ ಕೇಳ್ತಿದ್ರೋ ಅದ್ರಿಂದ ಬಂದಿದ್ದು.

ಮೊದ್ಲು ಕ್ಯಾರಲ್ ಪದವನ್ನೇ ತಗೊಳ್ಳಿ. ಹಳೇ ಫ್ರೆಂಚಲ್ಲಿ ‘ಕರೋಲ್’ ಅಂದ್ರೆ ಕೈಕೈ ಹಿಡ್ಕೊಂಡು ಸುತ್ತಾಗಿ ನಿಂತು ಹಾಡ್ತಾ ಕುಣಿಯೋ ಕುಣಿತ. ಇಂಗ್ಲಿಷಿಗೆ ಬಂದ ಮೇಲೂ ತುಂಬಾ ಕಾಲ ಅದು ಪಲ್ಲವಿ ತಿರುಗಿ ತಿರುಗಿ ಬರೋ ಹಾಡು ಅಷ್ಟೇ, ಕ್ರಿಸ್‌ಮಸ್ಸಿಗೇ ಮೀಸಲು ಅಂತೇನೂ ಇರಲಿಲ್ಲ. 1415ರಲ್ಲಿ ಇಂಗ್ಲಿಷರು ಫ್ರೆಂಚರ ಮೇಲೆ ಅಜಿನ್‌ಕೋರ್ಟ್ ಯುದ್ಧ ಗೆದ್ದಿದ್ದನ್ನ ಹಾಡೋ ಹಾಡಿಗೂ ಅಜಿನ್‌ಕೋರ್ಟ್ ಕ್ಯಾರಲ್ ಅಂತಾನೇ ಹೆಸರು!

ಫ್ರೆಂಚಿನ ನೊಯೆಲ್ ಮಾತ್ರ ನೇರವಾಗಿ ಹುಟ್ಟಿಗೆ ಸಂಬಂಧಪಟ್ಟಿದ್ದು, ಲ್ಯಾಟಿನ್‌ನ ‘ನತಾಲಿಸ್’ನಿಂದ ಬಂದಿದ್ದು. ಹಬ್ಬಕ್ಕೂ ಅದೇ ಹೆಸರು, ಹಾಡಿಗೂ ಅದೇ. ಆದ್ರೆ ಹದಿನೈದನೇ ಶತಮಾನದಲ್ಲಿ ರಾಜ ಊರಿಗೆ ಬಂದ್ರೂ ಜನ ಬೀದೀಲಿ ನಿಂತು ‘ನೊಯೆಲ್! ನೊಯೆಲ್!’ ಅಂತ ಕೂಗ್ತಿದ್ರಂತೆ, ಅಂದ್ರೆ ಜೈಕಾರದ ಹಾಗೆ, ಖುಷಿಯ ಕೂಗು. ಸ್ಪ್ಯಾನಿಷ್‌ನ ವಿಯನ್ಸಿಕೊ ಹಳ್ಳಿಯವನು ಅನ್ನೋ ಅರ್ಥದ ‘ವಿಯಾನೊ’ದಿಂದ ಬಂದಿದ್ದು, ನಾವು ಹಳ್ಳಿ ಹಾಡು ಅಂತೀವಲ್ಲ ಹಾಗೆ. ಮೊದಮೊದಲು ಅದ್ರಲ್ಲಿ ಪ್ರೀತಿ ಪ್ರೇಮದ ಹಾಡುಗಳೇ ಹೆಚ್ಚು, ಆಮೇಲೆ ಚರ್ಚ್ ಒಳಗೆ ಬಂತು, ಆಗ್ಲೂ ಕ್ರಿಸ್‌ಮಸ್ ಒಂದಕ್ಕೇ ಅಲ್ಲ. ಮೆಕ್ಸಿಕೋದ ಸನ್ಯಾಸಿನಿ ಕವಿ ಸೋರ್ ಹ್ವಾನಾ 1676ರಲ್ಲಿ ಮೇರಿ ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಅಂತ ವಿಯನ್ಸಿಕೊ ಬರೆದಿದ್ರು. ಪೋರ್ಟೊ ರಿಕೊ, ವೆನೆಜುವೆಲಾ ಕಡೆ ‘ಅಗಿನಾಲ್ದೊ’ ಅಂತಾರೆ, ಆ ಪದಕ್ಕೆ ಹಬ್ಬದ ಉಡುಗೊರೆ ಅನ್ನೋ ಅರ್ಥವೂ ಇದೆ. ಜರ್ಮನ್ನಿನ ವೈನಾಖ್ಟ್ಸ್‌ಲೀಡ್, ಸ್ವೀಡಿಷ್‌ನ ಯೂಲ್‌ಸೋಂಗ್ ಇವೆಲ್ಲ ಕ್ರಿಸ್‌ಮಸ್ ಹಾಡು ಅಂತ ಸೀದಾ ಹೇಳೋ ಪದಗಳು, ಅದ್ರಲ್ಲಿ ನಂಗೆ ಜಾಸ್ತಿ ಅಗೆಯೋಕೆ ಏನೂ ಸಿಗಲಿಲ್ಲ.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಪೂರ್ವ ಯುರೋಪಿನ ಪದಗಳು. ಪೋಲಿಷ್‌ನ ಕೊಲೆಂಡಾ, ರೊಮೇನಿಯನ್‌ನ ಕೊಲಿಂದಾ, ಉಕ್ರೇನಿಯನ್‌ನ ಕೊಲ್ಯಾಡ್ಕಾ, ಗ್ರೀಕ್‌ನ ಕಾಲಂದಾ, ಜೋರಾಗಿ ಒಂದ್ಸಲ ಹೇಳಿ ನೋಡಿ, ಒಂದೇ ಮನೆಯವು ಅಂತ ಕಿವಿಗೇ ಗೊತ್ತಾಗುತ್ತೆ. ಎಲ್ಲದರ ಮೂಲ ಲ್ಯಾಟಿನ್‌ನ ‘ಕಲೆಂಡೆ’, ಅಂದ್ರೆ ತಿಂಗಳ ಮೊದಲ ದಿನ, ಕ್ಯಾಲೆಂಡರ್ ಅನ್ನೋ ಪದ ಬಂದಿದ್ದೂ ಅಲ್ಲಿಂದಲೇ. ಆ ಕಲೆಂಡೆ ‘ಕೂಗಿ ಹೇಳು’ ಅನ್ನೋ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು, ಯಾಕಂದ್ರೆ ರೋಮ್‌ನಲ್ಲಿ ತಿಂಗಳು ಶುರುವಾದ ದಿನ ಪುರೋಹಿತರು ಮುಂದಿನ ಮುಖ್ಯ ದಿನ ಐದಕ್ಕೋ ಏಳಕ್ಕೋ ಅಂತ ಜನಕ್ಕೆ ಕೂಗಿ ಹೇಳ್ತಿದ್ರು. ಸಾಲದ ಬಡ್ಡಿ ಕಟ್ಟೋ ದಿನವೂ ಅದೇ, ಹಾಗಾಗಿ ‘ಕಲೆಂಡಾರಿಯಂ’ ಅಂದ್ರೆ ಲೆಕ್ಕದ ಪುಸ್ತಕ. ಬಡ್ಡಿ ಲೆಕ್ಕದ ದಿನದ ಹೆಸರು ಹೋಗಿ ಹೋಗಿ ಮನೆಮನೆ ಮುಂದೆ ನಿಂತು ‘ನಿಮಗೆ ಒಳ್ಳೇದಾಗ್ಲಿ’ ಅಂತ ಹಾಡೋ ಹಾಡಿನ ಹೆಸರಾಯ್ತಲ್ಲ, ಇದನ್ನ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಬಲ್ಗೇರಿಯನ್‌ನಲ್ಲಿ ಕೊಲೆದಾ ಅಂದ್ರೆ ಕ್ರಿಸ್‌ಮಸ್ ಹಬ್ಬವೇ. ಪೋಲಿಷ್‌ನಲ್ಲಿ ಹಬ್ಬ ಆದ್ಮೇಲೆ ಪಾದ್ರಿ ಮನೆಮನೆಗೆ ಭೇಟಿ ಕೊಡೋದಕ್ಕೂ ಕೊಲೆಂಡಾ ಅಂತಾರೆ. ರೊಮೇನಿಯಾ, ಮೊಲ್ಡೋವಾದಲ್ಲಿ ಗಂಡಸರು ಗುಂಪು ಕಟ್ಕೊಂಡು ಹಾಡ್ತಾ ಹೋಗೋ ಪದ್ಧತೀನ 2013ರಲ್ಲಿ ಯುನೆಸ್ಕೋ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸ್ತು.

ಉಕ್ರೇನಿಯನ್‌ನಲ್ಲಿ ಕೊಲ್ಯಾಡ್ಕಾ ಜೊತೆಗೆ ಇನ್ನೊಂದು ಪದ ಇದೆ, ‘ಶ್ಚೆದ್ರಿವ್ಕಾ’, ಹೊಸವರ್ಷದ ಹಿಂದಿನ ಸಂಜೆ ಹಾಡೋದು. ಶ್ಚೆದ್ರಿಯ್ ಅಂದ್ರೆ ಧಾರಾಳ, ಕೈತುಂಬ ಕೊಡೋದು. ಮಿಕೋಲಾ ಲಿಯೊಂಟೊವಿಚ್ ಸಂಯೋಜಿಸಿ 1916ರಲ್ಲಿ ಕೀವ್‌ನಲ್ಲಿ ಮೊದಲ ಸಲ ಹಾಡಿಸಿದ ‘ಶ್ಚೆದ್ರಿಕ್’ ಈ ಜಾತಿಯದು. ಅದ್ರಲ್ಲಿ ಒಂದು ಪುಟ್ಟ ಕವಲುತೋಕೆ ಹಕ್ಕಿ ಹಾರಿ ಬಂದು, ಯಜಮಾನ ಹೊರಗೆ ಬಾ, ಕೊಟ್ಟಿಗೇಲಿ ಕುರಿಮರಿ ಹುಟ್ಟಿದೆ ನೋಡು ಅಂತ ಕರೆಯುತ್ತೆ. ಯೇಸು ಇಲ್ಲ, ಹಿಮವೂ ಇಲ್ಲ. 1936ರಲ್ಲಿ ಪೀಟರ್ ವಿಲ್‌ಹೌಸ್ಕಿ ಅದೇ ರಾಗಕ್ಕೆ ಇಂಗ್ಲಿಷಲ್ಲಿ ಗಂಟೆಗಳ ಬಗ್ಗೆ ಬೇರೆ ಸಾಹಿತ್ಯ ಬರೆದ್ರು, ಇವತ್ತು ಪ್ರಪಂಚ ಕೇಳೋದು ಅದನ್ನೇ, ‘ಕ್ಯಾರಲ್ ಆಫ್ ದ ಬೆಲ್ಸ್’ ಅಂತ ಹೆಸರಲ್ಲೂ ಕ್ಯಾರಲ್ ಬಂದುಬಿಡ್ತು. ರಾಗ ಉಳೀತು ಅನ್ನೋ ಸಮಾಧಾನ ಇದೆ, ಆದ್ರೂ ಆ ಹಕ್ಕಿ ಹೋಯ್ತಲ್ಲ ಅಂತ ಪ್ರತೀ ಸಲ ಅನ್ಸುತ್ತೆ.

ಗ್ರೀಕ್‌ನ ಕಾಲಂದಾ ಬಗ್ಗೆ ಇನ್ನೊಂದು ಮಾತು ಹೇಳ್ಲೇಬೇಕು. ಅಲ್ಲಿ ಮಕ್ಕಳು ಡಿಸೆಂಬರ್ 24ಕ್ಕೆ, 31ಕ್ಕೆ, ಮತ್ತೆ ಜನವರಿ 5ಕ್ಕೆ ಕೈಯಲ್ಲಿ ಟ್ರಯಾಂಗಲ್ ಅನ್ನೋ ತ್ರಿಕೋನದ ಲೋಹದ ವಾದ್ಯ ಹಿಡ್ಕೊಂಡು ಬಾಗಿಲು ತಟ್ಟಿ ‘ನಾ ತಾ ಪೂಮೆ?’ ಅಂತ ಕೇಳ್ತಾರೆ. ಹಾಡೋಣ್ವಾ ಅಂತಲ್ಲ, ‘ಹೇಳೋಣ್ವಾ?’ ಅಂತ. ನಾವೂ ‘ಒಂದು ಹಾಡ್ ಹೇಳು’ ಅಂತೀವಲ್ಲ, ಥೇಟ್ ಹಾಗೇ. ಕೂಗಿ ಹೇಳೋದ್ರಿಂದ ಹುಟ್ಟಿದ ಪದ, ಎರಡು ಸಾವಿರ ವರ್ಷ ಆದ್ಮೇಲೂ ಬಾಗಿಲಲ್ಲಿ ನಿಂತಿರೋ ಮಕ್ಕಳು ಅದನ್ನ ‘ಹೇಳೋಕೆ’ ಅನುಮತಿ ಕೇಳ್ತಿದಾರೆ, ಒಳಗಿಂದ ಯಾರಾದ್ರೂ ‘ಹೇಳಿ’ ಅಂದ ಮೇಲೇ ಶುರು.