ಕಾರ್ಡಿಗೆ ಬರೆಯದ ಮೊದಲ ತಪ್ಪು

ಟೆನಿಸ್ ಅಂಪೈರ್ ಅಂದರೆ ಎತ್ತರದ ಕುರ್ಚಿಯಲ್ಲಿ ಕೂತು ಸ್ಕೋರ್ ಕೂಗುವವನು ಅಂತ ನಮ್ಮ ಮನೆಯವರೇ ಇವತ್ತಿಗೂ ಅಂದುಕೊಂಡಿದ್ದಾರೆ. ಸ್ಕೋರ್ ಕೂಗುವುದು ಸುಲಭ. ಹದಿನೈದು ವರ್ಷದ ಹುಡುಗ ಕಣ್ಣೆದುರೇ ರಾಕೆಟ್ ನೆಲಕ್ಕೆ ಬಡಿದಾಗ ಮುಂದಿನ ಮೂರು ಸೆಕೆಂಡಿನಲ್ಲಿ ಏನು ಮಾಡುತ್ತೇವೆ ಅನ್ನುವುದೇ ಕಷ್ಟದ ಭಾಗ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಮೂರು ಸೆಕೆಂಡನ್ನು ನಾನು ಕೆಡಿಸಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಜ್ಯದ ಒಂದು ಜಿಲ್ಲಾ ಕೇಂದ್ರದಲ್ಲಿ ಹದಿನಾರರ ಒಳಗಿನವರ ಟೂರ್ನಿ, ಸೆಮಿಫೈನಲ್. ಒಬ್ಬ ಹುಡುಗ ನಮ್ಮ ಕಡೆಯವನು, ಇನ್ನೊಬ್ಬ ಪುಣೆಯವನು. ನಮ್ಮ ಹುಡುಗ ಮತ್ತು ಅವನ ತಾಯಿ ರಾತ್ರಿ ಬಸ್ಸಿನಲ್ಲಿ ಬಂದಿದ್ದರು. ಬೆಳಿಗ್ಗೆ ಕೋರ್ಟಿನ ಹೊರಗಿನ ಕಟ್ಟೆ ಮೇಲೆ ಕೂತು ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದುದನ್ನು ನೋಡಿದ್ದೆ. ನೋಡಬಾರದಿತ್ತು. ಮೊದಲ ಸೆಟ್ಟಿನಲ್ಲಿ 4-5 ಇದ್ದಾಗ ಅವನು ಡಬಲ್ ಫಾಲ್ಟ್ ಮಾಡಿ ಸೆಟ್ ಕಳೆದುಕೊಂಡ, ರಾಕೆಟ್ಟನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಫ್ರೇಮ್ ಮುರಿಯಲಿಲ್ಲ. ನನ್ನ ಕಡೆ ತಿರುಗಿದಾಗ ಕಣ್ಣಲ್ಲಿ ನೀರಿತ್ತು.

ಇದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ‘ಕೋಡ್ ವಯೊಲೇಷನ್, ರಾಕೆಟ್ ಅಬ್ಯೂಸ್, ವಾರ್ನಿಂಗ್’ ಅಂತ, ಅಂದರೆ ರಾಕೆಟ್ ಬಡಿದು ನಡತೆಯ ನಿಯಮ ಮುರಿದದ್ದಕ್ಕೆ ಎಚ್ಚರಿಕೆ ಅಂತ, ಎಲ್ಲರಿಗೂ ಕೇಳುವ ಹಾಗೆ ಹೇಳಿ ಸ್ಕೋರ್ ಕಾರ್ಡಿನಲ್ಲಿ ಬರೆದುಕೊಳ್ಳಬೇಕಿತ್ತು. ನಾನು ಹೇಳಲಿಲ್ಲ. ಅವನು ಬೆಂಚಿಗೆ ಬಂದಾಗ ಬಗ್ಗಿ, ‘ಇನ್ನೊಂದ್ ಸಲ ಮಾಡ್ಬೇಡ ಮರಿ’ ಅಂದೆ. ಕಾರ್ಡಿನಲ್ಲಿ ಆ ಜಾಗ ಖಾಲಿ ಉಳಿಯಿತು.

ಎರಡನೇ ಸೆಟ್ಟಿನಲ್ಲಿ ಪುಣೆಯ ಹುಡುಗ ಬೇಸರಕ್ಕೆ ಒಂದು ಚೆಂಡನ್ನು ಬೇಲಿಯಾಚೆ ಹೊಡೆದ. ಈ ಸಲ ನಾನು ನಿಯಮದ ಮನುಷ್ಯ! ಗಟ್ಟಿಯಾಗಿ ವಾರ್ನಿಂಗ್ ಕೊಟ್ಟೆ. ಅವನು ಕುರ್ಚಿಯ ಹತ್ತಿರ ಬಂದು, ದನಿ ಏರಿಸದೆ, ‘ಸರ್, ಅವನು ರಾಕೆಟ್ ಬಡಿದದ್ದು?’ ಅಂತ ಇಂಗ್ಲಿಷಿನಲ್ಲಿ ಕೇಳಿದ. ‘ಪ್ಲೇ’ ಅಂದೆ. ಬೇರೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಮೂರನೇ ಸೆಟ್. ನಮ್ಮ ಹುಡುಗ ಒಂದು ಪಾಯಿಂಟ್ ಸೋತು ಅಚ್ಚ ಕನ್ನಡದಲ್ಲಿ ಒಂದು ಬೈಗುಳ ಬಿಟ್ಟ. ಪುಣೆಯವನಿಗೆ ಅರ್ಥವಾಗಲಿಲ್ಲ, ಚೆಂಡು ಹೆಕ್ಕುವ ಮಕ್ಕಳು ಕಿಸಕ್ಕನೆ ನಕ್ಕರು. ಲೆಕ್ಕದ ಪ್ರಕಾರ ಇದು ಎರಡನೇ ತಪ್ಪು. ಆದರೆ ಕಾರ್ಡಿನಲ್ಲಿ ಮೊದಲನೆಯದೇ ಇಲ್ಲವಲ್ಲ? ಹಾಗಾಗಿ ವಾರ್ನಿಂಗ್ ಅಷ್ಟೇ. ಸ್ವಲ್ಪ ಹೊತ್ತಿನ ನಂತರ 3-4ರಲ್ಲಿ ಸರ್ವ್ ಮಾಡುತ್ತಾ 30-40 ಆದಾಗ, ಸಿಟ್ಟಿನಿಂದ ಚೆಂಡನ್ನು ಹಿಂದಿನ ಪರದೆಗೆ ಬೀಸಿ ಹೊಡೆದ. ಅಲ್ಲಿ ನಿಂತಿದ್ದ ಮಗುವಿನಿಂದ ಅದು ಒಂದಡಿ ದೂರದಲ್ಲಿ ಹೋಯಿತು. ಪಾಯಿಂಟ್ ಪೆನಾಲ್ಟಿ ಕೊಟ್ಟೆ, ಅಂದರೆ ಎದುರಾಳಿಗೆ ಒಂದು ಪಾಯಿಂಟ್. 30-40ರಲ್ಲಿ ಒಂದು ಪಾಯಿಂಟ್ ಅಂದರೆ ಇಡೀ ಗೇಮ್. 3-5 ಆಯಿತು, ಮುಂದಿನ ಗೇಮಿಗೆ ಪಂದ್ಯವೂ ಮುಗಿಯಿತು.

ಕೈ ಕುಲುಕಲು ಬಂದ ಹುಡುಗ ಹೇಳಿದ ಮಾತು ಇದು: ‘ರಾಕೆಟ್‌ಗೇ ಏನೂ ಅನ್ಲಿಲ್ಲ ನೀವು. ಇವತ್ತು ಇದೆಲ್ಲ ನಡೆಯತ್ತೆ ಅಂದ್ಕೊಂಡೆ ಸರ್.’

ಗೆದ್ದವನ ತಂದೆ ಅಷ್ಟರಲ್ಲಿ ಇಡೀ ಟೂರ್ನಿಯ ಉಸ್ತುವಾರಿ ಹೊತ್ತ ರೆಫರಿಯ ಟೇಬಲ್ ಮುಂದೆ ದೂರು ಹೇಳುತ್ತಿದ್ದರು. ಅಂದರೆ ಸೋತವನಿಗೂ ಅನ್ಯಾಯ, ಗೆದ್ದವನಿಗೂ ಅನ್ಯಾಯ. ಒಂದೇ ಕೆಲಸದಲ್ಲಿ ಎರಡನ್ನೂ ಸಾಧಿಸಿದ್ದೆ. ರೆಫರಿ ಹಳಬರು. ನನ್ನ ಕಾರ್ಡ್ ತಿರುಗಿಸಿ ನೋಡಿ, ‘ರಾಕೆಟ್ ಎಲ್ಲಪ್ಪಾ ಇದರಲ್ಲಿ?’ ಅಂತ ಅಷ್ಟೇ ಕೇಳಿದರು.

ಹೊರಗಿನವರಿಗೆ ಒಂದು ಮಾತು. ಟೆನಿಸ್ಸಿನ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಮೊದಲ ಸಲ ಎಚ್ಚರಿಕೆ, ಎರಡನೆಯದಕ್ಕೆ ಒಂದು ಪಾಯಿಂಟ್, ಮೂರನೆಯದಕ್ಕೆ ಒಂದು ಗೇಮ್. ಅದಾದ ಮೇಲೆ ಆಟಗಾರನನ್ನು ಹೊರಗೆ ಹಾಕಬೇಕೋ ಬೇಡವೋ ಅನ್ನುವುದು ರೆಫರಿಯ ತೀರ್ಮಾನ. ಮೊದಲ ಮೆಟ್ಟಿಲಿನಲ್ಲಿ ಯಾರಿಗೂ ಏನೂ ನಷ್ಟವಿಲ್ಲ. ನಾನು ಉಳಿಸಿಕೊಟ್ಟೆ ಅಂದುಕೊಂಡದ್ದು ಆ ಬಿಟ್ಟಿ ಮೆಟ್ಟಿಲನ್ನು.

ಮೆಟ್ಟಿಲು ಎಲ್ಲಿದೆ ಅಂತ ಗೊತ್ತಿಲ್ಲದೆ ಬಿದ್ದವರಲ್ಲಿ ದೊಡ್ಡವರೂ ಇದ್ದಾರೆ. 1990ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಜಾನ್ ಮೆಕೆನ್ರೊ ಸ್ವೀಡನ್ನಿನ ಮಿಕೇಲ್ ಪರ್ನ್‌ಫೋರ್ಸ್ ವಿರುದ್ಧ ಎರಡು ಸೆಟ್ ಗೆದ್ದು ಒಂದು ಸೋತಿದ್ದರು. ಲೈನ್ ಅಂಪೈರನ್ನು ದುರುಗುಟ್ಟಿ ನೋಡಿದ್ದಕ್ಕೆ ಎಚ್ಚರಿಕೆ, ರಾಕೆಟ್ ಒಡೆದದ್ದಕ್ಕೆ ಪಾಯಿಂಟ್, ಬೈದದ್ದಕ್ಕೆ ಪಂದ್ಯವೇ ಹೋಯಿತು. ಆ ವರ್ಷದ ಶುರುವಿನಲ್ಲಷ್ಟೇ ಗೇಮಿನ ಮೆಟ್ಟಿಲನ್ನು ತೆಗೆದು ನಾಲ್ಕನ್ನು ಮೂರಕ್ಕೆ ಇಳಿಸಿದ್ದರು. ಇನ್ನೂ ಒಂದು ಬಾಕಿ ಇದೆ ಅನ್ನುವ ಲೆಕ್ಕದಲ್ಲಿ ಮೆಕೆನ್ರೊ ಬಾಯಿ ಬಿಟ್ಟಿದ್ದರು. ನಿಯಮ ತಿಳಿದಿರಬೇಕಾದದ್ದು ಆಟಗಾರನ ಜವಾಬ್ದಾರಿ, ಅದನ್ನು ಒಪ್ಪುತ್ತೇನೆ. ಆದರೆ ನನ್ನ ಪಂದ್ಯದಲ್ಲಿ ಮೆಟ್ಟಿಲನ್ನು ಮುಚ್ಚಿಟ್ಟವನು ನಾನೇ.

2018ರ ಯುಎಸ್ ಓಪನ್ ಫೈನಲ್ ನೆನಪಿಲ್ಲದವರು ಕಡಿಮೆ. ಸೆರೆನಾ ವಿಲಿಯಮ್ಸ್‌ಗೆ ಅಂಪೈರ್ ಕಾರ್ಲೋಸ್ ರಾಮೋಸ್ ಮೊದಲು ಕೊಟ್ಟದ್ದು ಗ್ಯಾಲರಿಯಿಂದ ಕೋಚಿಂಗ್ ಸಿಕ್ಕಿದ್ದಕ್ಕೆ ಎಚ್ಚರಿಕೆ. ಆಮೇಲೆ ರಾಕೆಟ್ ಒಡೆದದ್ದಕ್ಕೆ ಪಾಯಿಂಟ್, ‘ಕಳ್ಳ’ ಅಂದದ್ದಕ್ಕೆ ಗೇಮ್. ಕೋಚಿಂಗ್ ವಿಷಯವನ್ನು ಮೆಲ್ಲಗೆ ಕರೆದು ಹೇಳಿ ಬಿಡಬಹುದಿತ್ತು ಅಂತ ಆಗ ಬಹಳ ಜನ ವಾದಿಸಿದರು. ಕುರ್ಚಿಯಲ್ಲಿ ಕೂತವನಾಗಿ ನನಗೆ ಕಂಡದ್ದು ಬೇರೆ. ಇಬ್ಬರ ನಡುವೆ ಮಾತಾದ ಮೇಲೆ ಆ ಎಚ್ಚರಿಕೆ ವಾಪಸಾಗಿದೆ ಅಂತಲೇ ಸೆರೆನಾ ತಿಳಿದಿದ್ದರು. ರಾಕೆಟ್‌ಗೆ ಪಾಯಿಂಟ್ ಹೋದಾಗ ಅವರಿಗೆ ಅಷ್ಟು ಆಘಾತವಾದದ್ದು ಅದಕ್ಕೇ. ಕೊಟ್ಟ ಎಚ್ಚರಿಕೆ ಇದೆಯೋ ಇಲ್ಲವೋ ಅನ್ನುವ ಗೊಂದಲವೇ ಇಷ್ಟು ಮಾಡಿದರೆ, ಕೊಡದೇ ಇದ್ದದ್ದು ಏನು ಮಾಡೀತು? (ಅಂದಹಾಗೆ, ಗ್ಯಾಲರಿಯಿಂದ ಕೋಚಿಂಗ್ ಈಗ ತಪ್ಪೇ ಅಲ್ಲ. 2025ರಿಂದ ನಿಯಮವೇ ಬದಲಾಗಿದೆ.)

ಆ ಪಂದ್ಯದ ತಪ್ಪುಗಳಿಗೆ ಸೆರೆನಾಗೆ ಬಿದ್ದ ದಂಡ 17,000 ಡಾಲರ್. ರನ್ನರ್ ಅಪ್ ಬಹುಮಾನವೇ 18.5 ಲಕ್ಷ ಡಾಲರ್ ಇತ್ತು. ಆ ಮಟ್ಟದಲ್ಲಿ ದಂಡದ ಬಿಸಿ ತಟ್ಟುವುದೇ ಇಲ್ಲ, ತಟ್ಟಿದ್ದು ಆ ಗೇಮ್. ಜೊತೆಗೆ ದಂಡದ ಹಣ ಎದುರಾಳಿಗೆ ಸಿಗುವುದಿಲ್ಲ, ಪಾಯಿಂಟ್ ಸಿಗುತ್ತದೆ. ಕೋರ್ಟಿನಲ್ಲಿ ಏಕಾಗ್ರತೆ ಕೆಟ್ಟದ್ದು ಎದುರಾಳಿಯದ್ದೇ ತಾನೆ? ಪಂದ್ಯ ಮುಗಿದ ಮೇಲೆ ಮಾಡಿದ ತಪ್ಪಿಗೆ ಕಿತ್ತುಕೊಳ್ಳಲು ಪಾಯಿಂಟೇ ಉಳಿದಿರುವುದಿಲ್ಲ. 2022ರಲ್ಲಿ ಅಕಾಪುಲ್ಕೊದಲ್ಲಿ ಡಬಲ್ಸ್ ಸೋತ ಅಲೆಕ್ಸಾಂಡರ್ ಜ್ವೆರೆವ್ ಅಂಪೈರ್ ಕೂತಿದ್ದ ಕುರ್ಚಿಗೇ ರಾಕೆಟ್ಟಿನಿಂದ ಮತ್ತೆ ಮತ್ತೆ ಬಡಿದರು. ಟೂರ್ನಿಯಿಂದ ಹೊರಗೆ ಹಾಕಿ 40,000 ಡಾಲರ್ ದಂಡ ಹಾಕಿದರು, ಆಮೇಲೆ ಎಂಟು ವಾರದ ನಿಷೇಧ, ಅದೂ ಮತ್ತೆ ತಪ್ಪು ಮಾಡಿದರೆ ಮಾತ್ರ ಜಾರಿ. ಅಂಥದೇ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂರುವವನು ನಾನು. ನನ್ನ ಪ್ರಕಾರ ಅದು ಸಾಲದು.

ಮೆಟ್ಟಿಲನ್ನೇ ಹಾರಬೇಕಾದ ಸಂದರ್ಭವೂ ಇದೆ. 2020ರ ಯುಎಸ್ ಓಪನ್‌ನಲ್ಲಿ ನೊವಾಕ್ ಜೊಕೊವಿಚ್ ಗೇಮ್ ಸೋತ ಬೇಸರಕ್ಕೆ ಹಿಂದಕ್ಕೆ ಹೊಡೆದ ಚೆಂಡು ಲೈನ್ ಅಂಪೈರ್ ಗಂಟಲಿಗೆ ಬಡಿಯಿತು. ಬೇಕೆಂದೇ ಹೊಡೆದದ್ದಲ್ಲ, ಆದರೂ ನೇರವಾಗಿ ಮನೆಗೆ. ಚೆಂಡು ಪರದೆಗೆ ಬಡಿದರೆ ಎಚ್ಚರಿಕೆ, ಮನುಷ್ಯರಿಗೆ ಬಡಿದರೆ ಡಿಫಾಲ್ಟ್ (ಪಂದ್ಯದಿಂದಲೇ ಹೊರಗೆ), ಇದು ಅದೃಷ್ಟದಾಟ ಆಗಲಿಲ್ಲವೇ ಅಂತ ಕೇಳುತ್ತಾರೆ. ಆಯಿತು. ಆದರೆ ನೋಡದೆ ಹೊಡೆದಾಗಲೇ ಆಟಗಾರ ಅದನ್ನು ಅದೃಷ್ಟಕ್ಕೆ ಬಿಟ್ಟಾಗಿತ್ತಲ್ಲ. ನನ್ನ ಪಂದ್ಯದ ಆ ಮಗು ಒಂದಡಿ ಈಚೆ ನಿಂತಿದ್ದರೆ ಅನ್ನುವುದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ. ರಾಕೆಟ್‌ಗೇ ವಾರ್ನಿಂಗ್ ಕೊಟ್ಟಿದ್ದರೆ ಅವನು ಚೆಂಡು ಬೀಸುತ್ತಲೇ ಇರಲಿಲ್ಲವೇನೋ.

ಬೈಗುಳದ್ದು ಇನ್ನೊಂದು ತಲೆನೋವು. ಕೇಳಿಸಿದ್ದಕ್ಕಷ್ಟೇ ಶಿಕ್ಷೆ, ಆದರೆ ಯಾರ ಕಿವಿಗೆ? 2024ರಲ್ಲಿ ದುಬೈ ಸೆಮಿಫೈನಲ್‌ನಲ್ಲಿ ರಷ್ಯನ್ ಭಾಷೆಯಲ್ಲಿ ಬೈದರು ಅಂತ ಆಂಡ್ರೆ ರುಬ್ಲೆವ್ ಅವರನ್ನು ಹೊರಗೆ ಹಾಕಿದರು. ಬೈದಿಲ್ಲ ಅಂತ ಅವರು ಗೋಗರೆದರೂ ಅಲ್ಲಿ ವಿಡಿಯೊ ನೋಡಲು ಅವಕಾಶವಿರಲಿಲ್ಲ. ಕೊನೆಗೆ ಮೇಲ್ಮನವಿಯಲ್ಲಿ ಬಹುಮಾನದ ಹಣ ಮತ್ತು ರ‍್ಯಾಂಕಿಂಗ್ ಅಂಕಗಳು ಅವರಿಗೇ ಉಳಿದವು. ನನ್ನ ಹುಡುಗನ ಬೈಗುಳವೂ ಕನ್ನಡ ಬಾರದ ಅಂಪೈರ್ ಇದ್ದಿದ್ದರೆ ಹಾಗೇ ಗಾಳಿಗೆ ಹೋಗುತ್ತಿತ್ತು. ಇದಕ್ಕೆ ನನ್ನ ಹತ್ತಿರ ಪರಿಹಾರವಿಲ್ಲ. ನಾನೇ ಕೇಳಿದ್ದು, ಅರ್ಥ ಗೊತ್ತಿದ್ದದ್ದು, ಇಷ್ಟಕ್ಕೆ ಮಾತ್ರ ಕೊಡುತ್ತೇನೆ.

ಈಗ ನನ್ನದೊಂದು ಅಭ್ಯಾಸವಾಗಿದೆ. ತಪ್ಪು ಕಂಡ ಕೂಡಲೇ ಮೊದಲು ಗಟ್ಟಿಯಾಗಿ ಹೇಳುತ್ತೇನೆ, ಆಮೇಲೆ ಕಾರ್ಡಿನಲ್ಲಿ ಬರೆಯುತ್ತೇನೆ, ಮಕ್ಕಳ ಮುಖ ನೋಡುವುದು ಕೊನೆಗೆ. ಬೆಳಿಗ್ಗೆ ಬೇಗ ಹೋದರೆ ಕಟ್ಟೆಯ ಕಡೆ ತಿರುಗುವುದಿಲ್ಲ, ಸೀದಾ ಕೋರ್ಟಿಗೆ.

ಹೋದ ತಿಂಗಳು ಹದಿನಾಲ್ಕರ ಹುಡುಗಿಯೊಬ್ಬಳು ಎರಡನೇ ಗೇಮಿನಲ್ಲೇ ರಾಕೆಟ್ ಬಡಿದಳು, ವಾರ್ನಿಂಗ್ ಕೊಟ್ಟೆ. ಅವಳ ತಾಯಿ ಪಂದ್ಯ ಮುಗಿಯುವ ತನಕ ನನ್ನನ್ನೇ ನುಂಗುವ ಹಾಗೆ ನೋಡುತ್ತಿದ್ದರು. ಹುಡುಗಿ ಮತ್ತೇನೂ ಮಾಡಲಿಲ್ಲ, ಗೆದ್ದಳು. ಆಮೇಲೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಂದು, ‘ಅಂಕಲ್, ಆ ವಾರ್ನಿಂಗ್ ನಾಳೆ ಮ್ಯಾಚಿಗೂ ಇರತ್ತಾ?’ ಅಂತ ಕೇಳಿದಳು.

ಇಲ್ಲ ಅಂದೆ. ‘ಸರಿ’ ಅಂತ ಹೇಳಿ, ಬಿರುಕು ಬಿಟ್ಟ ರಾಕೆಟ್ಟನ್ನು ತಾಯಿಗೆ ಕಾಣದ ಹಾಗೆ ಬ್ಯಾಗಿನೊಳಕ್ಕೆ ತಳ್ಳಿಕೊಂಡು ಹೋದಳು.