ಶನಿವಾರ ಮದುವೆ ಆರ್ಕೆಸ್ಟ್ರಾ, ಭಾನುವಾರ ಆರಾಧನೆ: ಇದು ಸರಿನಾ ಅಂತ ಕೇಳೋರಿಗೆ

ಮುಂಬೈಯ ಕನ್ನಡ ಕ್ರೈಸ್ತ ಸಭೆಗಳಲ್ಲಿ ಎಲ್ಲಿ ಕೀಬೋರ್ಡ್ ನುಡಿಸೋಕೆ ಹೋದ್ರೂ ಯಾರಾದ್ರೂ ಒಬ್ಬರು ಈ ಪ್ರಶ್ನೆ ಕೇಳೇ ಕೇಳ್ತಾರೆ. "ಬ್ರದರ್, ಶನಿವಾರ ಮದುವೆ ಹಾಲ್‌ನಲ್ಲಿ ಸಿನಿಮಾ ಹಾಡು ನುಡಿಸ್ತೀರಿ, ಭಾನುವಾರ ಅದೇ ಕೈಯಲ್ಲಿ ಆರಾಧನೆಗೂ ನುಡಿಸ್ತೀರಿ, ವಿಶ್ವಾಸಿ ಆದವನು ಹಿಂಗೆ ಮಾಡಬಹುದಾ?" ಡೊಂಬಿವಲಿಯಲ್ಲೂ ಇದೇ, ಥಾಣೆಯಲ್ಲೂ ಇದೇ, ಪುಣೆಗೆ ಹೋದಾಗ ಒಬ್ಬ ಅಮ್ಮ ಕೇಳಿದ್ರು, ಅವರ ಮಗ ಡ್ರಮ್ಸ್ ಕಲೀತಿದಾನೆ, ಮುಂದೆ ಲೋಕದ ಹಾಡಿಗೆ ಹೋಗಿಬಿಟ್ರೆ ಅನ್ನೋ ಭಯ ಅವರಿಗೆ.

ಮಾಡಬಹುದು ಅನ್ನೋದೇ ನನ್ನ ಉತ್ತರ. ಆದ್ರೆ ಸಭೆಯಲ್ಲಿ ಸಂಗೀತ ಯಾಕಿದೆ ಅನ್ನೋದನ್ನ ಮೊದಲು ಮಾತಾಡಬೇಕು.

ಬೈಬಲಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಹೇಳೋದು, ಕ್ರಿಸ್ತನ ವಾಕ್ಯ ನಿಮ್ಮೊಳಗೆ ತುಂಬಿರಲಿ, ಹಾಡುಗಳಿಂದ ಒಬ್ಬರಿಗೊಬ್ಬರು ಕಲಿಸಿ, ಬುದ್ಧಿ ಹೇಳಿ ಅಂತ. ಅಂದ್ರೆ ಇಡೀ ಸಭೆ ಹಾಡಬೇಕು, ಹಾಡ್ತಾ ಹಾಡ್ತಾ ವಾಕ್ಯ ಬಾಯಿಪಾಠ ಆಗಬೇಕು. ಶಿವ್ಡಿ ಸ್ಮಶಾನದಲ್ಲಿ ನಮ್ಮವರನ್ನ ಮಣ್ಣು ಮಾಡೋವಾಗ ನೋಡಿ, ಅಲ್ಲಿ ಕೀಬೋರ್ಡ್ ಇರಲ್ಲ ಮೈಕ್ ಇರಲ್ಲ, ಯಾರೋ ಒಬ್ಬ ಅಜ್ಜಿ ಸಣ್ಣ ದನಿಯಲ್ಲಿ ಶುರು ಮಾಡ್ತಾರೆ, ಎರಡನೇ ಸಾಲಿಗೆ ಎಲ್ಲರೂ ಸೇರ್ಕೊಳ್ತಾರೆ, ಪುಸ್ತಕ ಇಲ್ಲದೆ ಎಲ್ಲಾ ಚರಣ ಬರುತ್ತೆ, ಗಂಡನ್ನ ಕಳ್ಕೊಂಡವಳೂ ಅಳ್ತಾನೇ ಹಾಡ್ತಾಳೆ. ಭಾನುವಾರ ನಾವು ನುಡಿಸೋದು ಅಂಥಾ ದಿನಕ್ಕೆ ಜನರ ಬಾಯಲ್ಲಿ ಹಾಡು ಇರಲಿ ಅಂತ.

ಹಿಂದಿನವರು ಇದಕ್ಕಾಗಿ ತುಂಬಾ ಕಷ್ಟಪಟ್ಟಿದಾರೆ. 1895ರಲ್ಲಿ ಇದೇ ಮುಂಬೈಯಲ್ಲಿ ದೀಕ್ಷಾಸ್ನಾನ ತಗೊಂಡ ಮರಾಠಿ ಕವಿ ನಾರಾಯಣ ವಾಮನ ಟಿಳಕರು ಯೇಸುವಿನ ಮೇಲೆ ಮರಾಠಿ ಸಂತರ ಭಕ್ತಿಹಾಡಿನ ಧಾಟಿಯಾದ ಅಭಂಗ ಕಟ್ಟಿದ್ರು, ಅಭಂಗ ಕೇಳ್ಕೊಂಡೇ ಬೆಳೆದ ಜನಕ್ಕೆ ಬೇರೆ ಧಾಟಿ ಹೊಸದಾಗಿ ಕಲಿಯೋ ಕಷ್ಟನೇ ಇರಲಿಲ್ಲ. ನಮ್ಮ ನಿಘಂಟಿನ ಕಿಟೆಲ್ ಕೂಡ ಅಷ್ಟೇ, ನಿಘಂಟು ಬಂದಿದ್ದು 1894ರಲ್ಲಿ, ಅದಕ್ಕಿಂತ ಎಷ್ಟೋ ಮುಂಚೆ 1862ರಲ್ಲೇ ಕಥಾಮಾಲೆ ಅನ್ನೋ ಪುಸ್ತಕದಲ್ಲಿ ಯೇಸುವಿನ ಚರಿತ್ರೆಯನ್ನ ನಮ್ಮ ಪದ್ಯದ ದಾರಿಯಲ್ಲೇ ಹೇಳಿದ್ರು. ಈಗ ನಮ್ಮ ಹುಡುಗರು ಯೂಟ್ಯೂಬಲ್ಲಿ ಕೇಳಿದ ಹಾಡನ್ನ ಅದೇ ಸ್ಕೇಲಲ್ಲಿ ತಂದು ಹಾಡಿಸ್ತಾರೆ, ವಾರವೆಲ್ಲಾ ಡ್ಯೂಟಿ ಮಾಡಿ ಲೋಕಲ್ ಟ್ರೈನಲ್ಲಿ ನಿಂತ್ಕೊಂಡು ಬಂದವರಿಗೆ ಆ ಮೇಲಿನ ಸ್ವರ ಎಲ್ಲಿ ಎಟಕುತ್ತೆ, ಪಲ್ಲವಿ ಬರೋಷ್ಟರಲ್ಲಿ ಅರ್ಧ ಸಭೆ ಸುಮ್ಮನಾಗಿರುತ್ತೆ. ಸ್ವಲ್ಪ ಇಳಿಸ್ರಪ್ಪಾ ಅಂದ್ರೆ "ಫೀಲ್ ಹೋಗುತ್ತೆ ಅಣ್ಣಾ" ಅಂತಾರೆ. ಫೀಲ್ ಹೋದ್ರೆ ಹೋಗಲಿ, ಜನ ಹಾಡಲಿ.

ಇನ್ನು ಶನಿವಾರದ ವಿಷಯ. ಗೋವಾದಲ್ಲಿ ಪೋರ್ಚುಗೀಸರ ಕಾಲದಲ್ಲಿ ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ನೊಟೇಶನ್ ಓದೋದು, ವಯಲಿನ್ ನುಡಿಸೋದು ಎಲ್ಲಾ ಕಲಿಸ್ತಿದ್ರು, ಪೂಜೆಗೆ ಹಾಡೋರು ನುಡಿಸೋರು ಬೇಕಲ್ಲ. ಆ ಶಾಲೆಗಳ ವಿದ್ಯೆನೇ ಆಮೇಲೆ ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳನ್ನ ದಶಕಗಟ್ಟಲೆ ಸಾಕಿದ್ದು. ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ಶಂಕರ್-ಜೈಕಿಶನ್‌ಗೆ ಅರೇಂಜರ್ ಆಗಿದ್ದ ಸೆಬಾಸ್ಟಿಯನ್ ಡಿಸೋಜಾ ಗೋವಾದವರು, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್‌ಗೆ ವಯಲಿನ್ ಹೇಳಿಕೊಟ್ಟ ಆಂಥನಿ ಗೊನ್ಸಾಲ್ವಿಸ್ ಗೋವಾದ ಮಜೋರ್ಡಾದವರು. ಸ್ಟುಡಿಯೋದಲ್ಲಿ ನುಡಿಸಿದ್ದಕ್ಕೆ ಅಂಥವರ ಕೈ ಅಶುದ್ಧ ಆಯ್ತು ಅಂತ ನಾನಂತೂ ಒಪ್ಪಲ್ಲ. ಬೈಬಲಿನ ದಾವೀದನಿಗೂ ಕಿನ್ನರಿ ನುಡಿಸೋ ಕೆಲಸ ಸಿಕ್ಕಿದ್ದು ಸೌಲನ ಅರಮನೆಯಲ್ಲಿ, ಮನಸ್ಸು ಕದಡಿದ ರಾಜನಿಗೆ ನೆಮ್ಮದಿ ಸಿಗಲಿ ಅಂತ. ಹಂಗಂತ ಗೆರೆನೇ ಇಲ್ಲ ಅಂತಲ್ಲ. ಹೆಣ್ಣುಮಕ್ಕಳನ್ನ ಹೀನಾಯವಾಗಿ ತೋರಿಸೋ ಹಾಡು, ಕುಡಿಸೋದಕ್ಕೇ ಅಂತ ಇಟ್ಟಿರೋ ಪ್ರೋಗ್ರಾಂ, ಇವನ್ನ ಎಷ್ಟು ದುಡ್ಡು ಕೊಟ್ರೂ ನಾನು ಒಪ್ಕೊಳ್ಳಲ್ಲ, ಹುಡುಗರಿಗೂ ಬೇಡ ಅಂತಲೇ ಹೇಳ್ತೀನಿ.

ಆದ್ರೆ ನನಗೆ ಹೊಟ್ಟೆ ಉರಿಯೋದು ಭಾನುವಾರ ನಾವು ನಡ್ಕೊಳ್ಳೋ ರೀತಿಗೆ. ಹಾಡು ಮುಗಿದು ಪಾಸ್ಟರ ಪ್ರಸಂಗ, ಅಂದ್ರೆ ವಾಕ್ಯದ ಬೋಧನೆ, ಶುರುವಾಗ್ತಿದ್ದ ಹಾಗೆ ಬ್ಯಾಂಡಿನವರೆಲ್ಲಾ ಹಿಂದಿನ ಬಾಗಿಲಿಂದ ಚಹಾ ಕುಡಿಯೋಕೆ ಹೊರಗೆ. ಚಿಕ್ಕ ಸಭೆಗೆ ಡಿಸೆಂಬರಿನ ತಾರೀಖು ಕೊಟ್ಟಿರ್ತಾರೆ, ಅವರು ಪಾಪ ಪೆಂಡಾಲ್ ಹಾಕಿಸಿ ಕಾಯ್ತಿರ್ತಾರೆ, ಕೊನೇ ಗಳಿಗೆಯಲ್ಲಿ ಹೋಟೆಲ್ ಪ್ರೋಗ್ರಾಂ ಬಂತು ಅಂತ ಇವರ ಫೋನ್ ಸ್ವಿಚ್ ಆಫ್. ಬೀದರ್ ಕಡೆಯ ಯಾರೋ ಪಾಸ್ಟರ್ ಬರೆದ ಹಾಡನ್ನ ಅವರ ಹೆಸರೇ ಹಾಕದೆ ಚಾನೆಲ್‌ಗೆ ಏರಿಸ್ತಾರೆ. ಅಳ್ತಾ ಪ್ರಾರ್ಥನೆ ಮಾಡೋರ ಮುಖಕ್ಕೆ ಮೊಬೈಲ್ ಹಿಡಿದು ರೀಲ್ ಬೇರೆ. ಪ್ರವಾದಿ ಆಮೋಸನ ಪುಸ್ತಕದ 5ನೇ ಅಧ್ಯಾಯದಲ್ಲಿ ದೇವರು ನಿಮ್ಮ ಹಾಡಿನ ಗದ್ದಲ ನನ್ನಿಂದ ತೊಲಗಿಸಿ ಅನ್ನೋದು ಬಡವರನ್ನ ತುಳಿಯೋ ಜನಕ್ಕೆ, ಆ ಮಾತಿನ ಹಿಂದೆಯೇ ನ್ಯಾಯ ನೀರಿನಂತೆ ಹರಿಯಲಿ ಅಂತಾನೆ, ಅಲ್ಲಿ ರಾಗತಾಳದ ವಿಚಾರನೇ ಇಲ್ಲ. ಕಲಿಯೋದು ಬೇಡ ಅಂತ ಅರ್ಥ ಅಲ್ಲ ಮತ್ತೆ, ದೇವಾಲಯದ ಸೇವೆಗೆ ಮುಂದೆ ರಾಜನಾದ ದಾವೀದ ನೇಮಿಸಿದ 288 ಜನ ಹಾಡೋರೂ ಪಳಗಿದವರು. ಆದ್ರೆ ಸರದಿ ಗೊತ್ತುಮಾಡೋವಾಗ ದೊಡ್ಡವನು ಚಿಕ್ಕವನು, ಗುರು ಶಿಷ್ಯ ಅಂತ ನೋಡದೆ ಚೀಟಿ ಹಾಕಿದ್ರು.

ಈ ಪ್ರಶ್ನೆ ಕೇಳೋ ಸಭೆ ಹಿರಿಯರಿಗೂ ಒಂದು ಮಾತು. ಬೈಬಲಿನ ನೆಹೆಮೀಯನ ಪುಸ್ತಕದ 13ನೇ ಅಧ್ಯಾಯ ಒಂದ್ಸಲ ಓದಿ. ದೇವಾಲಯದಲ್ಲಿ ಹಾಡೋರಿಗೆ ಸಲ್ಲಬೇಕಾದ ಪಾಲು ಸಿಗದೆ ಅವರೆಲ್ಲಾ ತಮ್ಮ ತಮ್ಮ ಹೊಲಕ್ಕೆ ವಾಪಸ್ ಹೋಗಿದ್ರು. ನೆಹೆಮೀಯ ಅವರನ್ನ ಬೈಯ್ಯಲಿಲ್ಲ, ಅಧಿಕಾರಿಗಳನ್ನ ಕರೆದು ದೇವರ ಮನೆಯನ್ನ ಯಾಕೆ ಕೈಬಿಟ್ರಿ ಅಂತ ಕೇಳಿದ, ಆಮೇಲೆ ಹಾಡೋರನ್ನ ಕರೆಸಿ ಅವರ ಜಾಗದಲ್ಲಿ ನಿಲ್ಲಿಸಿದ. ಹೊಸ ಸ್ಪೀಕರಿಗೆ ಕಾಣಿಕೆ ಎತ್ತೋವಾಗ ಕಲ್ಯಾಣದಿಂದ ಗಿಟಾರ್ ಹೊತ್ಕೊಂಡು ಬರೋ ಹುಡುಗನ ಟ್ರೈನ್ ಚಾರ್ಜು, ಮಧ್ಯಾಹ್ನದ ಊಟ ಎರಡನ್ನೂ ಲೆಕ್ಕಕ್ಕೆ ತಗೊಳ್ಳಿ, ಶನಿವಾರ ಎಲ್ಲಿ ನುಡಿಸಿದೆ ಅಂತ ಅವನನ್ನ ಆಮೇಲೆ ಕೇಳೋರಂತೆ.